ಪಾಪಿ ಸಮುದ್ರಕ್ಕೆ ಹೋದರೂ ಮೂವತ್ತು ಎಂಎಲ್

ಕಾಫಿಗೆ ರೇಟು ಬಂದಾಗಿನಿಂದ ನಮ್ಮ ಚಿಕ್ಕಮಗಳೂರಿನಲ್ಲಿ ಒಂದು ಹೊಸ ಕಾಯಿಲೆ ಕಾಣಿಸಿಕೊಂಡಿದೆ. ಮೊದಲೆಲ್ಲ ಕೈಯಲ್ಲಿ ದುಡ್ಡಾಡಿದರೆ ಜನ ಜೀಪು ಬದಲಾಯಿಸುತ್ತಿದ್ದರು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುತ್ತಿದ್ದರು, ಇಲ್ಲವೇ ತಮ್ಮನ ಮೇಲಿನ ಹಳೇ ಕೇಸಿಗೆ ಮತ್ತೆ ಜೀವ ಕೊಡುತ್ತಿದ್ದರು. ಈಗ ಸಿಗದ ವಿಸ್ಕಿ ಹುಡುಕುತ್ತಾರೆ. ವಿಸ್ಕಿ ಅಲ್ಲ, ಸಿಗದ ವಿಸ್ಕಿ. ಸಿಗುವಂಥದ್ದು ಐಜಿ ರೋಡಿನಲ್ಲಿ ಬೇಕಾದಷ್ಟಿದೆ. ಅದಕ್ಕೇ ಅದು ಬೇಡ.

ಆಲ್ದೂರು ಕಡೆಯ ನನ್ನ ಸ್ನೇಹಿತ ಒಬ್ಬನಿದ್ದಾನೆ. ಮೊನ್ನೆ ಬೆಳಿಗ್ಗೆ ಆರೂವರೆಗೇ ಫೋನು. "ಮಾರಾಯ, ಸಿಕ್ತು!" ಹತ್ತು ವರ್ಷದಿಂದ ಓಡಾಡುತ್ತಿದ್ದ ಪೋಡಿ ಕೊನೆಗೂ ಆಯಿತೇನೋ ಅಂದುಕೊಂಡೆ. "ಅದಲ್ವೋ, ಪ್ಯಾಪಿ ಸಿಕ್ತು. ಇಪ್ಪತ್ಮೂರು ವರ್ಷದ್ದು." ನಿದ್ದೆಗಣ್ಣು ನೋಡಿ, ನನಗೆ ಕೇಳಿಸಿದ್ದು ಪಾಪಿ. ಇಪ್ಪತ್ಮೂರು ವರ್ಷದ ಪಾಪಿ ಯಾರಪ್ಪ, ಯಾರ ಮನೆ ಹುಡುಗ ಏನು ಮಾಡಿಕೊಂಡ ಅಂತ ಎದೆ ಧಸಕ್ಕೆಂದಿತು.

ಪ್ಯಾಪಿ ವ್ಯಾನ್ ವಿಂಕಲ್ ಕಥೆ ನಿಮಗೂ ಗೊತ್ತಿರುತ್ತದೆ, ಅಲ್ವಾ? ಅಮೆರಿಕದ ಕೆಂಟಕಿಯ ಬರ್ಬನ್, ಅಂದರೆ ಜೋಳದ ವಿಸ್ಕಿ. ಮುಸುಕಿನ ಜೋಳದ ಜೊತೆ ರೈ ಎಂಬ ಧಾನ್ಯ ಹಾಕುವ ಕಡೆ ಗೋಧಿ ಹಾಕುತ್ತಾರೆ. ತಯಾರಾಗುವುದು ಬಫಲೋ ಟ್ರೇಸ್ ಎಂಬ ಭಟ್ಟಿಯಲ್ಲಿ. ಹಾಗೆಂದರೆ ಕಾಡೆಮ್ಮೆ ಓಡಾಡಿದ ಜಾಡು. ಅಂಥ ಜಾಡು ನಮ್ಮಲ್ಲೂ ಬೇಕಾದಷ್ಟಿವೆ, ಕಡತದಲ್ಲಿ ಅವುಗಳಿಗೆ ಸಿಸಿ ರೋಡು ಅಂತ ಹೆಸರು. ಕಂಪನಿ ಆ ಬಾಟಲಿಗೆ ಕಟ್ಟುವ ಬೆಲೆ ಕೆಲವು ನೂರು ಡಾಲರ್. ಹೊರಗೆ ಕೈ ಬದಲಾಗುವಾಗ ಕೆಲವು ಸಾವಿರ ಡಾಲರ್. ಒಳಗಿರುವ ದ್ರವ ಎರಡೂ ಕಡೆ ಒಂದೇ. ಅದಕ್ಕೆ ತನ್ನ ರೇಟು ಏರಿದ್ದು ಗೊತ್ತೂ ಇರುವುದಿಲ್ಲ.

2013ರಲ್ಲಿ ಆ ಭಟ್ಟಿಯಿಂದಲೇ ಪ್ಯಾಪಿ ಬಾಟಲಿಗಳು ಕಳುವಾದವು. 2015ರಲ್ಲಿ ಒಂಬತ್ತು ಜನರ ಮೇಲೆ ಆರೋಪ ಬಿತ್ತು, ಒಳಗೇ ಕೆಲಸ ಮಾಡುತ್ತಿದ್ದವರೂ ಅದರಲ್ಲಿದ್ದರು. 2023ರಲ್ಲಿ ಒರೆಗಾನ್ ರಾಜ್ಯದ ಮದ್ಯ ಇಲಾಖೆಯ ಸಾಹೇಬರುಗಳೇ ಇಂಥ ಅಪರೂಪದ ಬಾಟಲಿಗಳನ್ನು ತಮಗೆ ಅಂತ ಎತ್ತಿಡಿಸಿಕೊಳ್ಳುತ್ತಿದ್ದರು ಅಂತ ಗಲಾಟೆಯಾಗಿ, ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಇದನ್ನು ಸ್ನೇಹಿತನ ಎಸ್ಟೇಟ್ ರೈಟರಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಅಂದ್ರೆ ದುಡ್ಡು ಕೊಡದೆ ತಗೊಂಡ್ರಾ ಸಾರ್?" ಅಂದರು. ಇಲ್ಲ, ಪೂರ್ತಿ ದುಡ್ಡು ಕೊಟ್ಟೇ ತಗೊಂಡರು, ಜನರಿಗೆ ಸಿಗದ ಹಾಗೆ ಮಾಡಿದರು, ಅಷ್ಟೇ. "ದುಡ್ಡು ಕೊಟ್ಟಿದ್ದಾರಾ? ಮತ್ತೆ ರಾಜೀನಾಮೆ ಯಾಕೆ?" ಅಂತ ಅವರು ಪಾಪ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಭಾನುವಾರ ಜಗಲಿಯಲ್ಲಿ ಸಮಾರಂಭ. ಅಕ್ಕನ ಮಗ ಅಮೆರಿಕದಿಂದ ಬಟ್ಟೆ ಮಧ್ಯೆ ಸುತ್ತಿ ತಂದ ಬಾಟಲಿಯನ್ನು ಮೇಜಿನ ಮೇಲೆ ಇಟ್ಟಿದ್ದರು, ಕೆಳಗೆ ಒಂದು ಕ್ರೋಶಾ ಬಟ್ಟೆ. ಎಂಟು ಜನ ಸೇರಿದ್ದೆವು. ಮನೆಯ ಪೆಗ್ ಅಳತೆ ಎಲ್ಲೋ ಕಳೆದಿತ್ತು. ಸ್ನೇಹಿತ ಒಳಗೆ ಹೋಗಿ ಮೊಮ್ಮಗನ ಕೆಮ್ಮಿನ ಸಿರಪ್ಪಿನ ಪ್ಲಾಸ್ಟಿಕ್ ಮುಚ್ಚಳ ತಂದ. ಹತ್ತು ಎಂಎಲ್ ಗೆರೆಯವರೆಗೆ ತುಂಬಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಲೋಟಕ್ಕೆ ಮೂರು ಸಲ. ತಲೆಗೆ ಮೂವತ್ತು. ಉಳಿದದ್ದು ಅಲ್ಮೇರಾಕ್ಕೆ, ಕೀಲಿ ಸೊಂಟಕ್ಕೆ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ.

ಸೋಡಾ ಹಾಕಬಾರದು. ಐಸು ಕೇಳಿದರೆ ಪಾಪ. ಕೊಪ್ಪದಿಂದ ಬಂದಿದ್ದ ಒಬ್ಬರು ಅಭ್ಯಾಸಬಲದಿಂದ ಉಪ್ಪಿನಕಾಯಿ ಕೇಳಿಬಿಟ್ಟರು, ಸಾವಿನ ಮನೆಯಲ್ಲಿ ಸೀಟಿ ಹೊಡೆದವರನ್ನು ನೋಡುವ ಹಾಗೆ ಎಲ್ಲರೂ ಅವರನ್ನು ನೋಡಿದರು. ಆಮೇಲೆ ಮೂಸುವ ಕಾರ್ಯಕ್ರಮ. ಒಬ್ಬರಿಗೆ ವೆನಿಲ್ಲಾ ಬಂತು, ಒಬ್ಬರಿಗೆ ಚರ್ಮ, ಮತ್ತೊಬ್ಬರಿಗೆ ಹಳೇ ಪುಸ್ತಕದ ಕಪಾಟು. ನಾನು ತಮಾಷೆಗೆ, "ಮಳೆಗಾಲದಲ್ಲಿ ಒದ್ದೆಯಾದ ಗೋಣಿಚೀಲ" ಅಂದೆ. ಎಲ್ಲರೂ ಮತ್ತೊಮ್ಮೆ ಮೂಗು ಹಾಕಿ, "ಹೌದು ಹೌದು, ಅದೇ!" ಅಂದರು. ಒಬ್ಬರು ಮೊಬೈಲಿನಲ್ಲಿ ಬರೆದುಕೊಂಡರು.

ನಿಜ ಹೇಳಬೇಕು. ಚೆನ್ನಾಗಿತ್ತು. ಬೆಲ್ಲದ ಪಾಕ ಸ್ವಲ್ಪ ಸೀದ ಹಾಗೆ, ಗಂಟಲಿಗೆ ಬೆಚ್ಚಗೆ. ಆದರೆ ಚೆನ್ನಾಗಿರುವುದು ಬೇರೆ, ಒಂದು ಸೆಕೆಂಡ್ ಹ್ಯಾಂಡ್ ಕಾರಿನಷ್ಟು ಚೆನ್ನಾಗಿರುವುದು ಬೇರೆ.

ಇದೇ ಸ್ನೇಹಿತ ಕಬ್ಬೆಕ್ಕಿನ ಕಾಫಿ ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಕಬ್ಬೆಕ್ಕು ರಾತ್ರಿ ತೋಟಕ್ಕೆ ಬಂದು ಚೆನ್ನಾಗಿ ಮಾಗಿದ ಹಣ್ಣನ್ನೇ ಆರಿಸಿ ತಿನ್ನುತ್ತದೆ. ಬೀಜ ಅರಗುವುದಿಲ್ಲ, ಬೆಳಿಗ್ಗೆ ಬಂಡೆ ಮೇಲೆ ಬಿದ್ದಿರುತ್ತದೆ. ಉದುರು ಹೆಕ್ಕುವ ಹೆಂಗಸರು ಅದನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗ ಅದನ್ನೇ ತೊಳೆದು, ಒಣಗಿಸಿ, ಹುರಿದು, ಕೋಪಿ ಲುವಾಕ್ ಅಂತ ಹೆಸರಿಟ್ಟರೆ ಪರದೇಶದಲ್ಲಿ ಕಿಲೋಗೆ ಸಾವಿರಗಟ್ಟಲೆ. "ಬೆಂಗಳೂರಿನವ್ರು ದುಡ್ಡು ಕೊಟ್ಟು ಹಿಕ್ಕೆ ಕುಡೀತಾರೋ" ಅಂತ ಅವನಿಗೆ ಎಲ್ಲಿಲ್ಲದ ಖುಷಿ. ಹೋಮ್‌ಸ್ಟೇ ಶುರು ಮಾಡಿದ ಮೇಲೆ ಮಾತ್ರ ನಗು ನಿಲ್ಲಿಸಿ ಒಂದು ಬೋರ್ಡು ಬರೆಸಿದ್ದಾನೆ. ಅವನ ತೋಟದಲ್ಲಿ ಕಬ್ಬೆಕ್ಕು ನೋಡಿ ನಾಲ್ಕು ವರ್ಷವಾಯಿತು, ಕಾಫಿ ಮಾತ್ರ ವರ್ಷಪೂರ್ತಿ ಲಭ್ಯ. ಅರೇಬಿಕಾ ಬೆಳೆಯುವ ಈ ಮಹಾನುಭಾವ ಮನೆಯಲ್ಲಿ ಕುಡಿಯುವುದು ಅರ್ಧಕ್ಕರ್ಧ ಚಿಕೋರಿ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ, ಮೂಟೆಗೆ 20 ಸಾವಿರ ದಾಟಿದಾಗ ಉಳಿದರ್ಧ ಕಾಫಿಯನ್ನೂ ಕಮ್ಮಿ ಮಾಡಿದ.

ನಾಲಿಗೆಯ ಯೋಗ್ಯತೆ ಎಷ್ಟು ಅನ್ನುವುದು ಸ್ವಿಟ್ಜರ್ಲೆಂಡಿನಲ್ಲಿ ಬಯಲಾಗಿದೆ. 2017ರಲ್ಲಿ ಸೇಂಟ್ ಮೊರಿಟ್ಜ್‌ನ ಒಂದು ಹೋಟೆಲಿನಲ್ಲಿ ಚೀನಾದ ಲೇಖಕರೊಬ್ಬರು 1878ರ ಮೆಕಾಲನ್ ಸ್ಕಾಚ್ ವಿಸ್ಕಿ ಅಂತ ಇಪ್ಪತ್ತು ಎಂಎಲ್ ಕುಡಿದರು. ಬಿಲ್ಲು 9,999 ಫ್ರಾಂಕ್, ಆಗಿನ ಲೆಕ್ಕದಲ್ಲಿ ಆರು ಲಕ್ಷ ರೂಪಾಯಿಗೂ ಮೇಲೆ. ಲೇಖಕರ ಹತ್ತಿರ ಅಷ್ಟು ದುಡ್ಡಿರುತ್ತದೆ ಅನ್ನುವುದೇ ನನಗೆ ದೊಡ್ಡ ಆಘಾತ. ಅದಿರಲಿ. ಕುಡಿದರು, ಆನಂದಪಟ್ಟರು. ಆಮೇಲೆ ಬಾಟಲಿ ಮೇಲೆ ಅನುಮಾನ ಬಂದು ಸ್ಯಾಂಪಲ್ಲು ಪ್ರಯೋಗಾಲಯಕ್ಕೆ ಹೋಯಿತು. ಕಾರ್ಬನ್ ಲೆಕ್ಕ ಹಾಕಿ ನೋಡಿದರೆ ಅದು ಹೆಚ್ಚುಕಮ್ಮಿ 1970-72ರ ಕಾಲದ ಸರಕು, ಅದೂ ಬ್ಲೆಂಡ್, ಅಂದರೆ ಬೆರಕೆ ವಿಸ್ಕಿ. ಹೋಟೆಲಿನವರು ದುಡ್ಡು ವಾಪಸ್ ಕೊಟ್ಟರು, ಅದು ಬೇರೆ ವಿಷಯ. ಕಂಡುಹಿಡಿದದ್ದು ನಾಲಿಗೆ ಅಲ್ಲ, ಯಂತ್ರ. ಯಂತ್ರಕ್ಕೆ ಲೇಬಲ್ ಓದಲು ಬರುವುದಿಲ್ಲ ನೋಡಿ.

ವಯಸ್ಸಿನ ಹುಚ್ಚು ಇನ್ನೊಂದು. ವಿಸ್ಕಿಯನ್ನು ವರ್ಷಗಟ್ಟಲೆ ಇಡುವ ಪೀಪಾಯಿಯಿಂದ ಆವಿಯಾಗಿ ಹೋಗುವುದಕ್ಕೆ ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನ ದೇವತೆಗಳು ವರ್ಷಕ್ಕೆ ಶೇ. 2ರಷ್ಟು ಕುಡಿದು ತೃಪ್ತರು. ಬೆಂಗಳೂರಿನ ದೇವತೆಗಳು ಶೇ. 10ರಿಂದ 12. ರಾಜಧಾನಿಯಲ್ಲಿ ಪಾಲು ಯಾವಾಗಲೂ ಜಾಸ್ತಿ. ಆ ಸೆಕೆಗೆ ವಿಸ್ಕಿ ನಾಲ್ಕೈದು ವರ್ಷಕ್ಕೇ ಹಣ್ಣಾಗುತ್ತದೆ, ಇಪ್ಪತ್ಮೂರು ವರ್ಷ ಇಟ್ಟರೆ ಖಾಲಿ ಪೀಪಾಯಿಯನ್ನು ಮೂಸಬೇಕು. ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯವರು ತಮ್ಮ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಗ್ಲಾಸ್ಗೋದಲ್ಲೇ ಮಾರಾಟಕ್ಕೆ ಇಟ್ಟರು. ವಿಸ್ಕಿಗಳಿಗೆ ಮಾರ್ಕ್ಸ್ ಕೊಡುವ ವಿಸ್ಕಿ ಬೈಬಲ್ ಎಂಬ ಪುಸ್ತಕದ 2010ರ ಆವೃತ್ತಿಯಲ್ಲಿ ಅವರ ಫ್ಯೂಷನ್ ಎಂಬ ವಿಸ್ಕಿಗೆ ನೂರಕ್ಕೆ 97 ಬಂತು. ಅಲ್ಲಿಯವರೆಗೆ ಇಲ್ಲಿ ಅದನ್ನು ಕೇಳುವವರು ಇರಲಿಲ್ಲ. ಮಾರ್ಕ್ಸ್ ಬಂದ ಮೇಲೆ ಸಿಗದ ಹಾಗಾಯಿತು, ಸಿಗದೆ ಹೋದಮೇಲೆ ರುಚಿಯೂ ಬಂತು. ಪಕ್ಕದ ಮನೆ ಹುಡುಗನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕ ಮೇಲೆ ಅವನು ಬುದ್ಧಿವಂತ ಅಂತ ಗೊತ್ತಾಗುವುದಿಲ್ಲವೇ, ಹಾಗೆ.

ಅವತ್ತು ಸಂಜೆ ವಾಪಸ್ ಬರುವಾಗ ದಾರಿಯಲ್ಲಿ ಒಂದು ಎಂಆರ್‌ಪಿ ಅಂಗಡಿ. ಕಬ್ಬಿಣದ ಜಾಲರಿ, ಅದರಲ್ಲಿ ಒಂದು ಕೈ ತೂರುವಷ್ಟು ಕಿಂಡಿ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡವರು ಸಾಲಾಗಿ ನಿಂತಿದ್ದರು. ನನ್ನ ಮುಂದಿದ್ದವನು ಒಂದು ನೈಂಟಿ ಟೆಟ್ರಾ ಪ್ಯಾಕ್ ತಗೊಂಡ. ಮೇಲೆ ಅಚ್ಚಾದ ಬೆಲೆಗಿಂತ ಹತ್ತು ರೂಪಾಯಿ ಜಾಸ್ತಿ ಕೊಟ್ಟ. ನಾನು ಕೇಳಿದೆ. ಒಳಗಿನವನು ತಲೆ ಎತ್ತದೆ, "ಬೇಕಾದ್ರೆ ತಗೊಳ್ಳಿ" ಅಂದ. ಕೊಟ್ಟವನೇ ನನ್ನ ಮೇಲೆ ರೇಗಿದ, "ಸುಮ್ನಿರಿ ಸಾರ್, ನಾಳೆಯಿಂದ ನಂಗೆ ಕೊಡಲ್ಲ."

ಆಗ ನಗು ಹೋಯಿತು. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಬೆಲೆಯ ಎಲ್ಲ 18 ಸ್ಲ್ಯಾಬಿಗೂ ಹೆಚ್ಚುವರಿ ಅಬಕಾರಿ ಸುಂಕ ಶೇ. 20 ಏರಿತು. 2024ರ ಆಗಸ್ಟಿನಲ್ಲಿ ದುಬಾರಿ ಮದ್ಯದ ಬೆಲೆ ಮಾತ್ರ ಇಳಿಯಿತು. ಪಕ್ಕದ ರಾಜ್ಯಕ್ಕಿಂತ ನಮ್ಮಲ್ಲಿ ಜಾಸ್ತಿ ಆಗುತ್ತದಂತೆ, ಅನ್ಯಾಯವಂತೆ. 2025-26ಕ್ಕೆ ಅಬಕಾರಿ ಗುರಿ 40 ಸಾವಿರ ಕೋಟಿ ಇತ್ತು. ಅದು ಪ್ಯಾಪಿಯಿಂದ ಬರುತ್ತದಾ? ಈ ಕಿಂಡಿಯಿಂದ ಬರುತ್ತದೆ. ಅಚ್ಚಾದ ಬೆಲೆಗೆ ಒಂದು ಟೆಟ್ರಾ ಪ್ಯಾಕು ಮಾರಿಸಲು ಇಷ್ಟು ದೊಡ್ಡ ಸರ್ಕಾರಕ್ಕೆ ಆಗುವುದಿಲ್ಲ. ದಿನದ ಕೂಲಿಯವನು ದಿನವೂ ಹತ್ತು ರೂಪಾಯಿ ಕಳೆದುಕೊಂಡರೆ ಅದಕ್ಕೆ ಹಗರಣ ಅಂತ ಯಾರೂ ಹೆಸರಿಡುವುದಿಲ್ಲ. ಅವನ ವಿಸ್ಕಿಯಲ್ಲಿ ಯಾವ ಕಪಾಟಿನ ವಾಸನೆ ಬರುತ್ತದೆ ಅಂತಲೂ ಯಾರೂ ಕೇಳುವುದಿಲ್ಲ. ಸಾಕು, ಬರೆದು ಬರೆದು ನನಗೂ ಸುಸ್ತಾಗಿದೆ.

ಮಾರನೇ ದಿನ ಸ್ನೇಹಿತನ ಫೋನು ಮತ್ತೆ ಬಂತು. ದನಿ ಬಿದ್ದುಹೋಗಿತ್ತು. ಏನಾಯ್ತೋ ಅಂದೆ. ಮೊಮ್ಮಗನಿಗೆ ರಾತ್ರಿ ಕೆಮ್ಮು ಜಾಸ್ತಿ ಆಗಿ ಹೆಂಡತಿ ಸಿರಪ್ಪಿನ ಮುಚ್ಚಳವನ್ನು ಸೋಪು ಹಾಕಿ ತೊಳೆದುಬಿಟ್ಟಿದ್ದಾಳೆ. ತಳದಲ್ಲಿ ಇನ್ನೂ ನಾಲ್ಕು ಹನಿ ಇತ್ತಂತೆ.