ದೊಡ್ಡತ್ತೆಯ ಕರಿನಾಲಿಗೆ ಮತ್ತು ನನ್ನ ಸೊನ್ನೆ

ಮೊನ್ನೆ ಅಕ್ಕನ ಮಗ ಬೆಂಗಳೂರಿಂದ ಫೋನ್ ಮಾಡಿ, "ಮಾವ, ಈ ಸಲದ ಹತ್ತು ಹೆಸರು ಕೊಡಿ" ಅಂದ. ಮೈ ಉರಿದುಹೋಯಿತು. 2024ರ ದೋಸೆ ಬಿಲ್ಲೇ ನನಗಿನ್ನೂ ಜೀರ್ಣವಾಗಿಲ್ಲ.

ಆಟ ಇಷ್ಟೇ. ಮುಂದಿನ ವರ್ಷ ಯಾವ ಯಾವ ದೊಡ್ಡ ಮನುಷ್ಯರು ಟಿಕೆಟ್ ತಗೊಳ್ಳಬಹುದು ಅಂತ ಡಿಸೆಂಬರ್ 31ರೊಳಗೆ ಬರೆದುಕೊಡಬೇಕು. ಹೋದವರ ವಯಸ್ಸನ್ನು ನೂರರಲ್ಲಿ ಕಳೆದರೆ ಉಳಿದದ್ದು ಪಾಯಿಂಟು. ಸುದ್ದಿ ಪೇಪರಲ್ಲಿ ಬಂದಿರಬೇಕು. ಸೊನ್ನೆ ಸುತ್ತಿದವರು ಎಲ್ಲರಿಗೂ ಶಿವಮೊಗ್ಗದಲ್ಲಿ ದೋಸೆ ಕೊಡಿಸಬೇಕು. ಹೊರದೇಶದಿಂದ ಬಂದ ಆಟವಂತೆ. ನಮ್ಮಲ್ಲಿ ಇಂಥದ್ದಕ್ಕೆ ಬಾಯಿ ತೆರೆದರೆ "ಬಿಡ್ತು ಅನ್ನು" ಅಂತ ಬೈಸಿಕೊಳ್ಳಬೇಕು.

2023ರ ಡಿಸೆಂಬರ್. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದೆವು. ಮೆಟ್ಟುಗತ್ತಿ ಮುಂದೆ ದೊಡ್ಡತ್ತೆ. ದೊಡ್ಡತ್ತೆಯದು ಕರಿನಾಲಿಗೆ ಅಂತ ಊರಿಗೇ ಗೊತ್ತು. "ಎಮ್ಮೆ ಎಷ್ಟು ಸಾಧು ಅಲ್ವಾ" ಅಂದರೆ ಮಾರನೇ ದಿನ ಒದೆಯುತ್ತದೆ. "ಹೊಸ ಪಂಪಾ? ಚೆನ್ನಾಗಿದೆ" ಅಂದ ಸಂಜೆಯೇ ನಮ್ಮ ಪಂಪು ಸುಟ್ಟಿತು. ಮದುವೆಮನೆಯಲ್ಲಿ ಅವಳು ಆಕಾಶ ನೋಡಿದರೆ ಸಾಕು, ಯಾರಾದರೂ ಓಡಿಬಂದು ಬಾಯಿಗೆ ಕವಳ ಕೊಡುತ್ತಾರೆ. ಅಳಿಯ ಇದನ್ನೆಲ್ಲ ಬಲ್ಲವನು. ಮೊಬೈಲ್ ಹಿಡಿದು ಅವಳ ಪಕ್ಕದಲ್ಲೇ ಕೂತ. ಒಂದೊಂದೇ ಫೋಟೋ ತೋರಿಸುವುದು, "ಅಜ್ಜೀ, ಇವರು ಹೇಗೆ?" ಅವಳು ಕನ್ನಡಕ ಏರಿಸಿ, ಸಕ್ಕರೆ ಕಾಯಿಲೆ ಇದ್ಯಾ, ಸೊಸೆ ನೋಡ್ಕೊಳ್ತಾಳಾ ಅಂತೆಲ್ಲ ವಿಚಾರಿಸುವುದು. "ಪಾಪ, ಮುಖ ಬಾಡಿದೆ" ಅಂದರೆ ಅವನು ಟಿಕ್ ಹಾಕುವುದು.

ನನ್ನ ಆಯ್ಕೆ ಜಿಮ್ಮಿ ಕಾರ್ಟರ್. ಅಮೆರಿಕದ ಮಾಜಿ ಅಧ್ಯಕ್ಷ. 1978ರಲ್ಲಿ ಇವರು ಬಂದುಹೋದ ಮೇಲೆ ಹರಿಯಾಣದ ಒಂದು ಹಳ್ಳಿ ಕಾರ್ಟರ್‌ಪುರಿ ಅಂತ ಹೆಸರು ಬದಲಿಸಿಕೊಂಡಿತ್ತು. ವಯಸ್ಸು 99. ಇನ್ನು ಆಸ್ಪತ್ರೆ ಬೇಡ ಅಂತ ಫೆಬ್ರವರಿಯಿಂದ ಮನೆಯಲ್ಲೇ ಇದ್ದರು. ಸಿಗುವುದು ಒಂದೇ ಪಾಯಿಂಟಾದರೂ ಖಾತೆಯಂತೂ ತೆರೆಯುತ್ತದಲ್ಲ! ಕಡಲೇಕಾಯಿ ಬೆಳೆಯುತ್ತಿದ್ದವರು ಅಂತ ನಾನೇ ಬಾಯಿತಪ್ಪಿ ಹೇಳಿದೆ. ದೊಡ್ಡತ್ತೆಯ ಕೈ ನಿಂತಿತು. "ಬೆಳೆಗಾರನಾ? ಹಂಗಾದ್ರೆ ನಮ್ಮೋನೇ. ಗಟ್ಟಿ ಜೀವ. ನೂರು ತುಂಬಿಸಿಯೇ ಹೋಗ್ತಾನೆ ನೋಡು."

ಅಕ್ಟೋಬರ್ 1ಕ್ಕೆ ನೂರು ತುಂಬಿತು. ಅದೇ ತಿಂಗಳು ಓಟನ್ನೂ ಹಾಕಿದರು. ಡಿಸೆಂಬರ್ 29ಕ್ಕೆ ಹೋದರು. ನೂರರಲ್ಲಿ ನೂರು ಕಳೆಯಿರಿ. ನನ್ನ ಉಳಿದ ಒಂಬತ್ತು ಜನ ಆರಾಮಾಗಿ ವಾಕಿಂಗ್ ಮಾಡಿಕೊಂಡಿದ್ದರು. ಹನ್ನೊಂದು ಮಸಾಲೆ ದೋಸೆ, ಮೇಲೆ ಕಾಫಿ. ಅಳಿಯ ಇನ್ನೊಂದು ದೋಸೆ ಹೇಳಿದ.

ಈ ಕಳೆಯುವ ಲೆಕ್ಕ ಒಂದೊಂದು ಸಲ ಚುಚ್ಚುತ್ತದೆ. 2021ರ ಅಕ್ಟೋಬರ್ 29. ಪುನೀತ್‌ಗೆ 46. ಆಟದ ಪ್ರಕಾರ 54 ಪಾಯಿಂಟು. ಆ ಹೆಸರು ಬರೆಯಲು ಯಾರ ಕೈ ಬರುತ್ತಿತ್ತು? ಆವತ್ತು ದೊಡ್ಡತ್ತೆ ಟಿವಿ ಮುಂದಿಂದ ಏಳಲಿಲ್ಲ. ಯಾರೂ ಊಟಕ್ಕೆ ಕರೆಯಲೂ ಇಲ್ಲ.

ಮೊನ್ನೆ ಫೋನ್ ಇನ್ನೂ ಕಿವಿಯಲ್ಲಿತ್ತು, ದೊಡ್ಡತ್ತೆ ಹೊರಗೆ ಬಂದಳು. ನನ್ನನ್ನೇ ದಿಟ್ಟಿಸಿ, "ಯಾಕೋ, ಮುಖ ಬಾಡಿದೆಯಲ್ಲೋ?" ಅಂದಳು.

ಎದೆ ಧಸಕ್ಕೆಂದಿತು. ಅತ್ತ ಅಳಿಯನಿಗೂ ಕೇಳಿಸಿತ್ತು. ಸ್ವಲ್ಪ ಹೊತ್ತು ಮಾತಿಲ್ಲ.

"ಹೆದರಬೇಡಿ ಮಾವ," ಅಂದ ಕೊನೆಗೆ, "ನಿಮ್ಮದು ಪೇಪರಲ್ಲಿ ಬರಲ್ಲ."