ನೀವು ಹೇಳಿ, ನಾವು ಕೊಡ್ತೀವಿ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘದ ನೇಮಕಾತಿ ಪ್ರಕಟಣೆ ಬರೆಯುವವರ ಕೈ ಚೆನ್ನಾಗಿ ಪಳಗಿದೆ. ಮೊದಲ ಸಾಲಿನಲ್ಲೇ ‘ಸಂಪೂರ್ಣ ತಾತ್ಕಾಲಿಕ’ ಎನ್ನುತ್ತಾರೆ. ಓದುವವರು ಮರೆತುಬಿಟ್ಟರೆ ಅಂತ ನಾಲ್ಕನೇ ಸಾಲಿನಲ್ಲಿ ಇನ್ನೊಂದು ಸಲ ಹೇಳುತ್ತಾರೆ. ಮೂಲ ದಾಖಲೆ ತನ್ನಿ, ಜೆರಾಕ್ಸ್ ಎರಡು ಸೆಟ್ ತನ್ನಿ, ಪ್ರಯಾಣ ಭತ್ಯೆ ಕೇಳಬೇಡಿ. ಕೊನೆಗೆ, ಯಾವ ಕಾರಣವನ್ನೂ ಹೇಳದೆ ಇಡೀ ಪ್ರಕಟಣೆಯನ್ನೇ ರದ್ದು ಮಾಡುವ ಹಕ್ಕು ನಮ್ಮದು ಅಂತ ಮುಗಿಸುತ್ತಾರೆ. ಹುದ್ದೆಗೆ ಬೇಕಾದ ಅನುಭವ ಎರಡು ವರ್ಷ. ಹುದ್ದೆಯ ಆಯಸ್ಸು ಬರುವ ಮಾರ್ಚ್ 31ರವರೆಗೆ.

ನೇರ ಸಂದರ್ಶನದ ದಿನ ಜಿಲ್ಲಾ ಆರೋಗ್ಯಾಧಿಕಾರಿಯ, ಅಂದರೆ ಡಿಎಚ್‌ಒ ಕಚೇರಿ ಕಡೆ ಸುಮ್ನೆ ಒಂದು ಸುತ್ತು ಹೋಗಿ ಬನ್ನಿ. ನರ್ಸ್ ಹುದ್ದೆ ಬೆರಳೆಣಿಕೆಯಷ್ಟು. ಸಾಲು ಮಾತ್ರ ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡ್ ದಾಟಿ, ಜೆರಾಕ್ಸ್ ಅಂಗಡಿವರೆಗೆ. ಅರ್ಧ ಜನ ಸಂದರ್ಶನಕ್ಕೆ ನಿಂತವರು, ಇನ್ನರ್ಧ ಜೆರಾಕ್ಸಿಗೆ ನಿಂತವರು. ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ ತಜ್ಞ ವೈದ್ಯರ ಸಂದರ್ಶನ. ಅಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಕುರ್ಚಿ ಖಾಲಿ ಇರುತ್ತದೆ, ಬಿಸ್ಕತ್ತು ಇದ್ದಲ್ಲೇ ಇರುತ್ತದೆ.

ತಜ್ಞ ವೈದ್ಯರು ಬರುವುದಿಲ್ಲ ಅಂತ ರಾಷ್ಟ್ರೀಯ ಆರೋಗ್ಯ ಅಭಿಯಾನದವರು, ಅಂದರೆ ಎನ್‌ಎಚ್‌ಎಂನವರು, ಒಂದು ಉಪಾಯ ಕಂಡುಹಿಡಿದಿದ್ದಾರೆ. ಅದರ ಹೆಸರೇ ‘ಯೂ ಕೋಟ್, ವೀ ಪೇ’. ಅಂದರೆ ಎಷ್ಟು ಸಂಬಳ ಬೇಕು ಅಂತ ನೀವು ಹೇಳಿ, ನಾವು ಕೊಡ್ತೀವಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ಅರಿವಳಿಕೆ ಡಾಕ್ಟರು ಬೇಕೇ ಬೇಕು. ಅವರಿಲ್ಲದಿದ್ದರೆ ಆಪರೇಷನ್ ಥಿಯೇಟರಿಗೆ ಬೀಗ, ಗರ್ಭಿಣಿಗೆ ಆಂಬುಲೆನ್ಸ್. ಹಾಗಾಗಿ ಇದು ಒಳ್ಳೆಯ ಯೋಜನೆಯೇ. ತಕರಾರಿಲ್ಲ. ಆದರೆ ಬೀಗ ತೆಗೆದ ಮೇಲೆ ಒಳಗೆ ನರ್ಸ್ ಕೂಡ ಬೇಕಲ್ವಾ? ಅವಳಿಗೂ ಒಂದು ಯೋಜನೆ ಇದೆ, ಅದಕ್ಕೆ ಹೆಸರಿಟ್ಟಿಲ್ಲ ಅಷ್ಟೇ. ನಾವು ಹೇಳ್ತೀವಿ, ನೀವು ಇಸ್ಕೊಳ್ಳಿ. ಆಶಾ ಕಾರ್ಯಕರ್ತೆಯರದ್ದು ಮೂರನೆಯದು. ನೀವು ಹೇಳ್ತಾ ಇರಿ, ನಾವು ಕೇಳ್ತಾ ಇರ್ತೀವಿ.

ಗುತ್ತಿಗೆ ನರ್ಸಿನ ವರ್ಷದ ಅತಿ ರೋಚಕ ರಾತ್ರಿ ಯಾವುದು ಗೊತ್ತಾ? ಮಾರ್ಚ್ 31. ಬಹಳ ಕಡೆ ಗುತ್ತಿಗೆ ಅಂದು ಮುಗಿಯುತ್ತದೆ. ನಡುವೆ ಒಂದು ದಿನ ವಿರಾಮ ಕೊಟ್ಟು, ಮತ್ತೆ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಎಡೆಬಿಡದೆ ದುಡಿದೆ ಅಂತ ಮುಂದೆ ಯಾರೂ ಕೋರ್ಟಿಗೆ ಹೋಗಬಾರದಲ್ಲ, ಅದಕ್ಕೆ.

ಈಗ ನೋಡಿ. ಎಸ್‌ಎನ್‌ಸಿಯು ವಾರ್ಡು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ. ಕಿಲೋ, ಒಂದೂಕಾಲು ಕಿಲೋ ತೂಗುವ ಕೂಸುಗಳು ವಾರ್ಮರ್ ಕೆಳಗೆ ಮಲಗಿವೆ. ಸಿಸ್ಟರ್ ರಾತ್ರಿ ಎಂಟಕ್ಕೆ ಡ್ಯೂಟಿಗೆ ಬಂದಿದ್ದಾಳೆ. ಆಗ ಅವಳು ಸರ್ಕಾರದ ಗುತ್ತಿಗೆ ನೌಕರಳು. ಹನ್ನೊಂದೂ ಮುಕ್ಕಾಲಿಗೆ ಮೂರನೇ ವಾರ್ಮರಿನ ಕೂಸಿಗೆ ಮೂಗಿನ ನಳಿಗೆಯಲ್ಲಿ ಹಾಲು ಬಿಡಲು ಶುರು ಮಾಡುತ್ತಾಳೆ. ನಿಧಾನಕ್ಕೆ ಬಿಡಬೇಕು, ಗಡಿಬಿಡಿ ಮಾಡುವ ಹಾಗಿಲ್ಲ. ಅಷ್ಟರಲ್ಲಿ ಹನ್ನೆರಡು ಹೊಡೆಯುತ್ತದೆ. ಸಿರಿಂಜಿನಲ್ಲಿ ಇನ್ನೂ ಅರ್ಧ ಹಾಲಿದೆ. ಅವಳ ಕೆಲಸ ಹೋಗಿದೆ. ಈಗ ಅವಳು ಹೊರಗಿನವಳು. ಅನುಮತಿಯಿಲ್ಲದೆ ವಿಶೇಷ ಆರೈಕೆ ಘಟಕಕ್ಕೆ ನುಗ್ಗಿ, ಪರರ ಮಕ್ಕಳಿಗೆ ಹಾಲು ಕುಡಿಸುತ್ತಿರುವ ಒಬ್ಬ ಮಹಿಳೆ. ನಿಯಮದ ಪ್ರಕಾರ ಸೆಕ್ಯುರಿಟಿಯವನು ಅವಳನ್ನು ಹೊರಗೆ ಕಳಿಸಬೇಕು. ಆದರೆ ಅವನ ಗುತ್ತಿಗೆಯೂ ಹನ್ನೆರಡಕ್ಕೇ ಮುಗಿದಿದೆ.

“ಸಿಸ್ಟರ್, ನಮ್ಮ ಮಗು ಯಾಕೋ ಅಳ್ತಿದೆ ನೋಡಿ,” ಎಂದು ಬಾಗಿಲಲ್ಲಿ ನಿಂತ ಅಜ್ಜಿ ಕರೆಯುತ್ತಾಳೆ. “ನಾಡಿದ್ದು ಬನ್ನಿ ಅಜ್ಜಿ, ಆಗ ನಾನು ಸಿಸ್ಟರ್ ಆಗಿರ್ತೀನಿ,” ಎನ್ನಬೇಕು ಅವಳು. ಎನ್ನುವುದಿಲ್ಲ. ಎದ್ದು ಹೋಗಿ ನೋಡುತ್ತಾಳೆ. ಇಡೀ ಆರೋಗ್ಯ ಇಲಾಖೆಯ ಬಜೆಟ್ ಲೆಕ್ಕಾಚಾರ ನಿಂತಿರುವುದು ಈ ‘ಎನ್ನುವುದಿಲ್ಲ’ದ ಮೇಲೆ.

ಗುತ್ತಿಗೆಗಿಂತ ಒಂದು ಮೆಟ್ಟಿಲು ಕೆಳಗೆ ಹೊರಗುತ್ತಿಗೆ. ಇಲ್ಲಿ ಆಸ್ಪತ್ರೆಗೂ ಕೆಲಸಗಾರರಿಗೂ ನಡುವೆ ಒಂದು ಏಜೆನ್ಸಿ ಇರುತ್ತದೆ. ಟೆಂಡರ್ ಕರೆಯುತ್ತಾರೆ. ಆಯಾ, ವಾರ್ಡ್ ಬಾಯ್, ಡೇಟಾ ಎಂಟ್ರಿ ಹುಡುಗಿ, ಕೆಲವು ಕಡೆ ನರ್ಸ್ ಕೂಡ ಟೆಂಡರಿನಲ್ಲಿ ಬರುತ್ತಾರೆ. ಯಾರು ಕಡಿಮೆ ಸರ್ವಿಸ್ ಚಾರ್ಜ್ ಹಾಕುತ್ತಾರೋ ಅವರೇ ಎಲ್-1, ಅವರಿಗೇ ಕೆಲಸ. ಈ ಪೈಪೋಟಿ ಎಲ್ಲಿಗೆ ಮುಟ್ಟಿತೆಂದರೆ, ಏಜೆನ್ಸಿಗಳು ಸೊನ್ನೆಗೆ, ಸೊನ್ನೆಗಿಂತ ಒಂದು ಕೂದಲೆಳೆ ಜಾಸ್ತಿಗೆ ಕೋಟ್ ಮಾಡತೊಡಗಿದವು. ಕೊನೆಗೆ ಕೇಂದ್ರ ಸರ್ಕಾರವೇ 2023ರಲ್ಲಿ, ಶೇ 3.85ಕ್ಕಿಂತ ಕಡಿಮೆ ಹಾಕಬೇಡ್ರಪ್ಪ ಎನ್ನಬೇಕಾಯಿತು. ಲಾಭವೇ ಬೇಡ ಅಂತ ಹಟ ಹಿಡಿದ ವ್ಯಾಪಾರಿಗಳನ್ನು ಕಾಡಿ ಬೇಡಿ ಲಾಭ ಮಾಡಿಕೊಳ್ಳಿ ಎಂದ ಸರ್ಕಾರ ನಮ್ಮದು. ಸೊನ್ನೆ ಲಾಭದಲ್ಲಿ ಏಜೆನ್ಸಿ ಮಾಲೀಕರ ಮನೆ ಹೇಗೆ ನಡೆಯುತ್ತದೆ ಅಂತ ಕೇಳಬೇಡಿ. ಯೂನಿಫಾರ್ಮಿನ ದುಡ್ಡು, ಸೇರುವಾಗ ಕೊಟ್ಟ ‘ಡಿಪಾಸಿಟ್’, ಮೂರು ತಿಂಗಳಿಗೊಮ್ಮೆ ಬರುವ ಸಂಬಳ, ಚೀಟಿಯಲ್ಲಿದ್ದು ಖಾತೆಯಲ್ಲಿಲ್ಲದ ಪಿಎಫ್. ಇದೆಲ್ಲ ಯಾರೋ ಆಗದವರು ಹಬ್ಬಿಸುವ ಮಾತು. ಆಗದವರು ಎಲ್ಲ ಜಿಲ್ಲೆಗಳಲ್ಲೂ ಇರುವುದು, ಒಂದೇ ಮಾತು ಹಬ್ಬಿಸುವುದು ಕಾಕತಾಳೀಯ.

ಕಾಯಂ ಮಾಡಿ ಅಂತ ಕೇಳಿದರೆ ಅಧಿಕಾರಿಗಳು ಒಬ್ಬ ಹೆಂಗಸಿನ ಹೆಸರು ಹೇಳುತ್ತಾರೆ. ಉಮಾದೇವಿ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಕೇಸಿನಲ್ಲಿ 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು ಕೋರ್ಟ್. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಪರಿಗಣಿಸಿ ಅಂತಲೂ ಅದೇ ತೀರ್ಪಿನಲ್ಲಿತ್ತು. ಆದರೆ ಆ ಪುಟ ನಮ್ಮ ಕಚೇರಿಗಳ ಜೆರಾಕ್ಸಿನಲ್ಲಿ ಸರಿಯಾಗಿ ಮೂಡಿಲ್ಲ. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಎಂಬುವರ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟ್, ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಂಡು ವರ್ಷಗಟ್ಟಲೆ ದುಡಿದವರನ್ನು ಶೋಷಿಸಬೇಡಿ ಅಂತ ಸರ್ಕಾರಿ ಇಲಾಖೆಗಳಿಗೆ ಬೈದಿದೆ. ಉಮಾದೇವಿ ಗೊತ್ತಿರುವಷ್ಟು ಚೆನ್ನಾಗಿ ಜಗ್ಗೋ ಯಾರಿಗೂ ಇನ್ನೂ ಪರಿಚಯವಾಗಿಲ್ಲ. ಅಂದಹಾಗೆ, 2023ರ ಫೆಬ್ರವರಿಯಲ್ಲಿ ಎನ್‌ಎಚ್‌ಎಂ ನೌಕರರು ಮುಂಬಾಗಿಲು ಹುಡುಕಿಕೊಂಡು ಬೆಂಗಳೂರಿನ ಫ್ರೀಡಂ ಪಾರ್ಕಿಗೇ ಬಂದು ಧರಣಿ ಕೂತಿದ್ದರು.

ಖಾಸಗಿಯವರು ಇವರಿಗಿಂತ ವಾಸಿ ಅಂತೀರಾ? 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 200 ಹಾಸಿಗೆ ಮೀರಿದ ಖಾಸಗಿ ಆಸ್ಪತ್ರೆಯ ನರ್ಸಿಗೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಿ, 50 ಹಾಸಿಗೆಗಿಂತ ಚಿಕ್ಕದಾದರೂ 20,000 ರೂಪಾಯಿಗೆ ಇಳಿಸಬೇಡಿ ಎಂದಿತು ಸಮಿತಿ. ಅಂದಿನಿಂದ ಹಾಸಿಗೆಗಳಿಗೆ ಜೀವ ಬಂದುಬಿಟ್ಟಿದೆ. ಜಾಹೀರಾತು ಫಲಕದಲ್ಲಿ 210 ಇರುವ ಹಾಸಿಗೆ, ನರ್ಸ್ ಸಂಬಳ ಕೇಳಿದ ದಿನ 49ಕ್ಕೆ ಇಳಿಯುತ್ತದೆ. ಇನ್‌ಸ್ಪೆಕ್ಷನ್ ದಿನ ಮತ್ತೆ ಏರುತ್ತದೆ. ಅಂದು ಹಾಸಿಗೆಯಷ್ಟೇ ಅಲ್ಲ, ನರ್ಸುಗಳೂ ಹುಟ್ಟಿಕೊಳ್ಳುತ್ತಾರೆ, ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ. ಕರೆತಂದ ಬಸ್ಸೇ ಸಂಜೆ ಅವರನ್ನು ವಾಪಸ್ ಕರೆದೊಯ್ಯುತ್ತದೆ. ಉಳಿದವರು ಓಡಿಹೋಗಬಾರದು ಅಂತ ಅವರ ಮೂಲ ಅಂಕಪಟ್ಟಿ ಎಚ್‌ಆರ್ ಬೀರುವಿನಲ್ಲಿ ಭದ್ರ. ಗಿರವಿ ಅಂಗಡಿಯಲ್ಲಾದರೂ ಅಡ ಇಟ್ಟರೆ ಕೈಗೆ ದುಡ್ಡು ಕೊಡುತ್ತಾರೆ.

ಗೌರವಕ್ಕೆ ಮಾತ್ರ ನಾವು ಕಡಿಮೆ ಮಾಡಿಲ್ಲ. ಅದನ್ನು ಒಪ್ಪಲೇಬೇಕು. 2020ರ ಮಾರ್ಚ್ 22ಕ್ಕೆ ತಟ್ಟೆ ಬಡಿದೆವು. ಮೇ 3ಕ್ಕೆ ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿಸಿದೆವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. 2025ರ ಜನವರಿಯಲ್ಲಿ ಅದೇ ಆಶಾಗಳು ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವ ಹಾಗೆ ಮಾಡುತ್ತೇವೆ ಅಂತ ಭರವಸೆ ಪಡೆದು ಎದ್ದರು. ಹೂವಿಗೆ ಟೆಂಡರ್ ಬೇಕಾಗಲಿಲ್ಲ, ಸಂಬಳಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ನಿಯಮ ಅಂದರೆ ನಿಯಮ.

ಹೀಗಿರುವಾಗ, ಏಜೆನ್ಸಿ ಮೂಲಕ ಬಂದ ಇನ್ನೊಬ್ಬ ಸಿಸ್ಟರ್ ಒಂದು ದಿನ ಜರ್ಮನ್ ಕಲಿಯಲು ಹೊರಡುತ್ತಾಳೆ. ಜರ್ಮನಿಯಲ್ಲಿ ನರ್ಸ್ ಆಗಲು ಬಿ2 ಮಟ್ಟದ ಭಾಷೆ ಬೇಕು. ಬ್ರಿಟನ್ ಆದರೆ ಇಂಗ್ಲಿಷ್ ಪರೀಕ್ಷೆ, ಗಲ್ಫ್ ಆದರೆ ಪ್ರೊಮೆಟ್ರಿಕ್ ಎಂಬ ಪರೀಕ್ಷೆ. ವಿದೇಶಕ್ಕೆ ಕಳಿಸುವ ಏಜೆಂಟರು 30,000 ರೂಪಾಯಿ, ಮೇಲೆ ಜಿಎಸ್‌ಟಿ, ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅಂತ ನಿಯಮವಿದೆ. ಏಜೆಂಟರೂ ಅಷ್ಟಕ್ಕೇ ರಸೀದಿ ಕೊಡುತ್ತಾರೆ, ಪಾಪ. ಎಲ್ಲ ಮುಗಿದು ಕೊನೆಗೊಂದು ಕಾಗದ ಬೇಕು. ಅನುಭವ ಪ್ರಮಾಣಪತ್ರ.

ಆಸ್ಪತ್ರೆಯಲ್ಲಿ ಕೇಳಿದರೆ, “ನೀವು ಏಜೆನ್ಸಿಯವರು, ಅಲ್ಲಿ ಕೇಳಿ.” ಏಜೆನ್ಸಿಗೆ ಹೋದರೆ, “ಟೆಂಡರ್ ನಮಗೆ ಸಿಕ್ಕಿದ್ದು ಈ ವರ್ಷ, ಹಳೇದು ಹಳಬರನ್ನ ಕೇಳಿ.” ಹಳೆಯ ಏಜೆನ್ಸಿಯ ವಿಳಾಸದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಮತ್ತೆ ಆಸ್ಪತ್ರೆಗೇ ಬಂದು, ಕೇಸ್ ವರ್ಕರ್ ಮುಂದೆ ನಿಲ್ಲುತ್ತಾಳೆ.

“ನೀವು ಇಲ್ಲಿ ಕೆಲಸ ಮಾಡ್ತಿದ್ರಿ ಅನ್ನೋಕೆ ನಮ್ಮ ಹತ್ರ ಯಾವ ದಾಖಲೆನೂ ಇಲ್ಲ ಮೇಡಂ,” ಎನ್ನುತ್ತಾನೆ ಅವನು, ಕಡತ ಮುಚ್ಚುತ್ತಾ. “ಮತ್ತೆ, ಬಿಟ್ಟು ಹೋಗೋದಾದ್ರೆ ಒಂದು ತಿಂಗಳು ಮೊದಲೇ ನೋಟಿಸ್ ಕೊಡಬೇಕಿತ್ತು. ಕೊಟ್ಟಿಲ್ಲ. ಒಂದು ತಿಂಗಳ ಸಂಬಳ ಕಟ್ಟಿ ಹೋಗಿ.”