ನಮ್ದೂ ದಂಡೀನೇ ಅದ್ರಿ, ಹೊಳಿ ದಂಡಿ

ಕರಾವಳಿ ಕಡಿ ಗೆಳ್ಯಾರು ಸಿಟ್ಟಾಗಬ್ಯಾಡ್ರಿ, ಒಂದು ಮಾತು ಭಾಳ ದಿನದಿಂದ ಹೊಟ್ಟ್ಯಾಗ ಅದ, ಇವತ್ತು ಹೇಳಿಬಿಡ್ತೀನಿ.

ಜೂನ್ ಬಂತಂದ್ರ ನನ್ನ ಫೇಸ್‌ಬುಕ್ ಪುರಾ ನಿಮ್ದೇ ಸುದ್ದಿ. ಉಳ್ಳಾಲದಾಗ ಕಡಲು ರೋಡ್ ತಿಂತು, ಶಿರಾಡಿ ಘಾಟಿ ಬಂದ್ ಆಯ್ತು, ಹೈವೇ 66ರ ಗುಂಡಿ, ರಾತ್ರಿ ಹೋದ ಕರೆಂಟ್ ಇನ್ನಾ ಬಂದಿಲ್ಲ, ಡಿಸಿ ಸಾಹೇಬ್ರು ನಾಳಿಗೆ ಸಾಲಿ ರಜಾ ಕೊಟ್ರೋ ಇಲ್ಲೋ, ಜೂನ್ 1ರಿಂದ ಜುಲೈ 31ರ ತನಕ ಬೋಟ್ ಬಂದ್ ಅದ ಮೀನಿನ ರೇಟ್ ಕೇಳಬ್ಯಾಡ್ರಿ... ಓದ್ತೀನಿ, ಖರೇ ಹೇಳ್ತೀನಿ ಮಜಾ ಬರ್ತದ, ಯಾಕಂದ್ರ ಬೈಯೋದ್ರಾಗ ನಿಮ್ಮ ಮಂದಿ ಭಾಳ ಶಾಣ್ಯಾರು, ಗುಂಡಿದು ಫೋಟೋ ಹಾಕಿ ಅದರಾಗ ಬಾಳಿಗಿಡ ನೆಟ್ಟು ಎಂಎಲ್ಎ ಹೆಸರು ಬರದು ಟ್ಯಾಗ್ ಮಾಡ್ತೀರಿ. ಆದ್ರ ನಾ ಅಪ್ಪಿತಪ್ಪಿ "ನಮ್ಮ ಕಡಿನೂ ನೀರು ಬಂದದ್ರಿ" ಅಂತ ಬರದ್ರ "ನಿಮ್ಮ ಗುಲ್ಬರ್ಗಾದಲ್ಲಿ ಕುಡಿಯಲಿಕ್ಕೇ ನೀರಿಲ್ಲ ಅಲ್ವಾ ಮಾರಾಯ್ರೆ, ನೆರೆ ಎಲ್ಲಿಂದ ಬಂತು" ಅಂತ ನಗೋ ಇಮೋಜಿ ಹಾಕ್ತೀರಿ ನೋಡ್ರಿ, ಅಲ್ಲಿ ಸ್ವಲ್ಪ ಚುರ್ ಅಂತದ.

ನಮ್ದೂ ದಂಡೀನೇ ಅದ್ರಿ. ಕಡಲ ದಂಡಿ ಅಲ್ಲ, ಹೊಳಿ ದಂಡಿ. ಭೀಮಾ ಹೊಳಿ ಪುಣೆ ಜಿಲ್ಲಾದಾಗ ಭೀಮಾಶಂಕರದ ಗುಡ್ಡದಾಗ ಹುಟ್ಟಿ 861 ಕಿಲೋಮೀಟರ್ ಹರದು ರಾಯಚೂರ್ ಕಡಿ ಕೃಷ್ಣಾಕ್ಕ ಕೂಡ್ತದ, ನಡುವ ನಮ್ಮ ಅಫಜಲಪುರ, ಜೇವರ್ಗಿ, ಶಹಾಬಾದ, ಚಿತ್ತಾಪುರ, ಆಮ್ಯಾಲ ಯಾದಗಿರಿ, ದಂಡಿಗುಂಟ ಊರೇ ಊರು. ಇದೇನು ನಿನ್ನಿ ಮೊನ್ನಿದಲ್ಲ. ಸನ್ನತಿ ಅನ್ನೋ ಊರು ಹೊಳಿ ದಂಡಿಗೇ ಅದ, 1986ರಾಗ ಅಲ್ಲಿ ಚಂದ್ರಲಾಂಬಾ ಗುಡಿ ಆವರಣದಾಗ ಕಾಳಿ ಗುಡಿ ಮಾಳಿಗಿ ಬಿದ್ದಾಗ ದೇವ್ರ ಪೀಠಕ್ಕ ಹಾಕಿದ್ದ ಕಲ್ಲಿನ ಮ್ಯಾಲ ಅಶೋಕನ ಶಾಸನ ಸಿಕ್ತು. ಫಿರೋಜಾಬಾದ್ ನೋಡ್ರಿ, ಬಹಮನಿ ಸುಲ್ತಾನ ಫಿರೋಜ್ ಶಾ ಕಟ್ಟಿಸಿದ ಊರು, ಅಷ್ಟು ದೊಡ್ಡ ರಾಜ್ಯ ಇದ್ರೂ ಅವನಿಗೆ ಹೊಳಿ ದಂಡೀನೇ ಬೇಕಾಯ್ತು. ಬಾದಶಹಾ ಬಂದು ಕುಂತ ದಂಡಿ ಇದು, ಈಗ ನಮ್ಮ ಊರಿನ ಹುಡುಗ್ರಿಗೆ ಹೆಣ್ಣು ಕೊಡ್ಲಾಕ ಮಂದಿ ಹಿಂದ ಮುಂದ ನೋಡ್ತಾರ, "ಹೊಳಿ ಬಂದ್ರ ನಮ್ಮ ಮಗಳು ಸಾಲ್ಯಾಗ ಮಕ್ಕೋಬೇಕೇನ್ರಿ" ಅಂತ ಬಾಯಿ ಬಿಟ್ಟೇ ಕೇಳ್ತಾರ. ಹಂಗ ಕೇಳೋದ್ರಾಗ ತಪ್ಪೂ ಇಲ್ಲ ಬಿಡ್ರಿ.

ನನ್ನ ತಕರಾರು ಹೊಳಿ ಮ್ಯಾಲ ಅಲ್ಲ. ಹೊಳಿ ಬರ್ತದ, ಹೋಗ್ತದ, ನಮ್ಮ ಆಯಿ ಹೊಳಿ ತುಂಬಿ ಬಂದ್ರ ಕುಬಸಾ, ಕಾಯಿ ತಗೊಂಡು ಹೋಗಿ ಉಡಿ ತುಂಬಿ ಬರ್ತಿದ್ಳು. ತಕರಾರು ಏನಂದ್ರ ದಂಡಿಗೆ ಕುಂತ ಮಂದಿಗೆ ಹೊಳಿ ಸುದ್ದಿ ಎಲ್ಲಾರಿಗಿಂತ ಕಡೀಕ ಬರ್ತದ, ಬಂದ್ರೂ ಅದು ನಮಗ ಉಪಯೋಗಕ್ಕ ಬರೋಹಂಗ ಇರಂಗಿಲ್ಲ.

ಮ್ಯಾಲ ಮಹಾರಾಷ್ಟ್ರದಾಗ ಉಜನಿ ಡ್ಯಾಮ್ ಅದ, ತುಂಬಿದ್ರ 117 ಟಿಎಂಸಿ (ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ ನೀರು). ಅಲ್ಲಿಂದ ಬಿಟ್ಟ ನೀರು, ಅದರ ಜೋಡಿ ನೀರಾ ಹೊಳಿ ಮ್ಯಾಲಿನ ವೀರ್ ಡ್ಯಾಮಿನ ನೀರು, ಸೋಲಾಪುರ ಕಡಿಯಿಂದ ಸೀನಾ ಹೊಳಿ, ಎಲ್ಲಾ ಕೂಡಿ ನಮ್ಮ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿಗೆ ಬಂದು ಬೀಳ್ತದ. ಸೊನ್ನದಾಗ ಹಿಡಿಯೋದು 3 ಟಿಎಂಸಿ ಚಿಲ್ಲರ. ಲೆಕ್ಕ ನೀವೇ ಹಾಕ್ರಿ. ಬಂದಷ್ಟು ಬಂದಂಗ ಮುಂದ ಬಿಡಬೇಕು, ಹಿಡಿದು ಇಟ್ಕೋತೀನಿ ಅಂದ್ರ ಅದರ ಕೈಲಿ ಆಗೋ ಕೆಲಸ ಅಲ್ಲ. ಅಂದ್ರ ಅಲ್ಲಿ ಗೇಟ್ ಎತ್ತಿದಾಗ್ಲೇ ಇಲ್ಲಿ ನಮ್ಮ ಹೊಲಕ್ಕ ನೀರು ಬರೋದು ಪಕ್ಕಾ ಆಗಿರ್ತದ, ನಡುವ ಟೈಮೂ ಇರ್ತದ. ಆ ಟೈಮಿನ್ಯಾಗ ನಮಗ ಏನ್ ಬರ್ತದ? ಒಂದು ವಾಟ್ಸಾಪ್ ಫಾರ್ವರ್ಡ್. "ಸೊನ್ನ ಬ್ಯಾರೇಜಿನಿಂದ ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಡಲಾಗಿದ್ದು ನದಿ ಪಾತ್ರದ ಜನರು ಎಚ್ಚರಿಕೆಯಿಂದ ಇರಬೇಕು." ಮುಗೀತು. ಪಂಚಾಯ್ತಿಯವ್ರು ಅದನ್ನೇ ಆಟೋದಾಗ ಮೈಕ್ ಹಚ್ಚಿ ಒದರ್ಕೊಂಡು ಹೋಗ್ತಾರ.

ನಮ್ಮ ಕಾಕಾ ಅದನ್ನ ಓದಿಸ್ಕೊಂಡು ಕೇಳ್ದ, "ಅಲ್ಲೋ ತಮ್ಮಾ, ಲಕ್ಷ ಅಂದ್ರ ಎಷ್ಟು? ಹಣಮಪ್ಪನ ಗುಡಿ ಕಟ್ಟಿ ಮುಟ್ತದೋ ಇಲ್ಲೋ ಅಷ್ಟು ಹೇಳು ಸಾಕು."

ಏನ್ ಹೇಳ್ಲಿ? ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಒಂದು ಘನ ಅಡಿ, 28 ಲೀಟರ್ ಮ್ಯಾಲ ಸ್ವಲ್ಪ, ಇದು ನನಗ ಗೊತ್ತದ, ಆದ್ರ ಹಣಮಪ್ಪನ ಕಟ್ಟಿ ಲೆಕ್ಕ ಯಾವ ಪುಸ್ತಕದಾಗೂ ಇಲ್ಲ. ಕಾಕಾ ಕೇಳಿದ್ದು ಬರಾಬರ್ ಪ್ರಶ್ನಿ. ಎಷ್ಟು ನೀರು ಬಿಟ್ರ ಯಾವ ಊರಾಗ ಎಲ್ಲಿ ತನಕ ಬರ್ತದ, ಯಾವ ಹಳ್ಳದ ಸೇತುವಿ ಮೊದ್ಲ ಮುಳುಗ್ತದ, ಹೊಲಕ್ಕ ಹೋದೋರು ಯಾವಾಗ ತಿರುಗಿ ಬರಬೇಕು, ಇದನ್ನ ಹೇಳೋದು ಎಚ್ಚರಿಕಿ. ಉಳಿದದ್ದು "ನಾವು ಮೊದ್ಲೇ ಹೇಳಿದ್ವಿ" ಅಂತ ಆಮ್ಯಾಲ ತೋರ್ಸ್ಲಾಕ ಇಟ್ಕೊಂಡ ಕಾಗದ.

ಮದ್ಲ ಅಂಬಿಗರ ಮುತ್ಯಾಗೋಳು ನೀರಿನ ಬಣ್ಣ ನೋಡಿ, ಬುರುಗು ನೋಡಿ, ತೇಲ್ಕೊಂಡು ಬರೋ ಕಸಾ ಕಡ್ಡಿ ನೋಡಿ "ಇವತ್ತು ರಾತ್ರಿ ಏರ್ತದ, ಮೋಟಾರ್ ಎತ್ರಿ" ಅಂತ ಹೇಳ್ತಿದ್ರು, ಹೆಚ್ಚಾಗಿ ಹಂಗೇ ಆಗ್ತಿತ್ತು. ಈಗಿನ ಹುಡುಗ್ರು ಅವ್ರ ಮಾತು ಕೇಳಂಗಿಲ್ಲ ಅಂತ ಎಲ್ಲಾರೂ ಬೈತಾರ, ನಾ ಬೈಯಂಗಿಲ್ಲ. ಅವಾಗ ಅದು ಮಳಿ ಹೊಳಿ ಇತ್ತು, ಈಗ ಗೇಟಿನ ಹೊಳಿ. ಇಲ್ಲಿ ಬಿಸಿಲು ಹೊಡಿಲಾಕತ್ತಿರ್ತದ, ಒಂದು ಹನಿ ಮಳಿ ಇರಂಗಿಲ್ಲ, ಹೊಳಿ ಮಾತ್ರ ಏರ್ತಾ ಇರ್ತದ. ಯಾವ ಇಂಜಿನಿಯರ್ ಯಾವ ಹೊತ್ತಿಗೆ ಗುಂಡಿ ಒತ್ತಿ ಗೇಟ್ ಎತ್ತ್ಯಾನಂತ ಬುರುಗು ನೋಡಿ ಹೇಳ್ಲಾಕ ಮುತ್ಯಾ ಏನು ದೇವ್ರೇನು?

2020ರ ಅಕ್ಟೋಬರ್ ಮಹಾಪೂರ ಕಂಡವ್ರಿಗೆ ಇದು ಹೇಳಬೇಕಾಗಿಲ್ಲ. ಆಮ್ಯಾಲ 2025ರ ಸೆಪ್ಟೆಂಬರ್. ಅವತ್ತು ಸೀನಾ ಕಡಿಯಿಂದನೂ ನೀರು, ಉಜನಿದೂ ನೀರು, ಇಲ್ಲೂ ಮಳಿ. ಹೆಸರು, ಉದ್ದು ಮೊದ್ಲೇ ಮಳಿಗೆ ಹೋಗಿತ್ತು, ಉಳಿದಿದ್ದ ತೊಗರಿ, ಹತ್ತಿ ಹೊಳಿಗೆ ಹೋಯ್ತು. ಕಟ್ಟಿಸಂಗಾವಿ ಹತ್ರ ಸೇತುವಿ ಬಂದ್ ಮಾಡಿದ್ರು, ಅದು ನ್ಯಾಷನಲ್ ಹೈವೇ 50ರಿ, ಕಲಬುರಗಿ ಜೇವರ್ಗಿ ರೋಡ್. ಅದು ಬಂದ್ ಆದ್ರ ಏನಾಗ್ತದ ಅಂತ ಬೆಂಗಳೂರಿನವ್ರಿಗೆ ತಿಳಿಯಂಗಿಲ್ಲ, ಡಯಾಲಿಸಿಸ್‌ಗೆ ಬರೋರು, ಹೆರಿಗಿಗೆ ಬರೋರು, ಕಾಲೇಜಿನ ಹುಡುಗ್ರು, ಹಾಲಿನವ್ರು, ಎಲ್ಲಾರ ದಾರಿ ಅದೊಂದೇ, ಸುತ್ತು ಹಾಕ್ಕೊಂಡು ಹೋಗ್ತೀನಿ ಅಂದ್ರ ಆ ಸುತ್ತಿನ ದಾರ್ಯಾಗೂ ಒಂದು ಹಳ್ಳ ಹಿನ್ನೀರಿನಿಂದ ತುಂಬಿ ನಿಂತಿರ್ತದ. ಹೊಳಿ ತುಂಬಿದ್ರ ಹಳ್ಳದ ನೀರು ಮುಂದ ಹೋಗಂಗಿಲ್ಲ, ಹಿಂದಕ್ಕ ತಿರುಗಿ ಊರೊಳಗ ಬರ್ತದ. ದಂಡಿಯಿಂದ ದೂರ ಇದ್ದ ಓಣಿ ಮುಳುಗಿದ್ದು, ದಂಡಿ ಹತ್ರದ ಎತ್ತರದ ಮನಿ ಉಳದದ್ದು ನಾನೇ ನೋಡೀನಿ. "ನದಿ ಪಾತ್ರದ ಜನ" ಅಂತ ಒಂದೇ ಮಾತಿನ್ಯಾಗ ಹೇಳಿದ್ರ ಇದೆಲ್ಲ ಯಾರಿಗೆ ತಿಳಿತದ.

ಕಾಳಜಿ ಕೇಂದ್ರ ತೆಗಿತಾರ, ಇಲ್ಲ ಅನ್ನಂಗಿಲ್ಲ. ಸಾಲ್ಯಾಗ ಅನ್ನ ಸಾರು ಮಾಡಿ ಹಾಕ್ತಾರ, ಚಾಪಿ ಕೊಡ್ತಾರ, ಡಾಕ್ಟರ್ ಬರ್ತಾರ. ಆದ್ರ ಟಿವಿಯವ್ರ ಮುಂದ ಸಾಹೇಬ್ರು ಹೇಳೋದೇನು? "ಜನ ಮನಿ ಬಿಟ್ಟು ಬರ್ಲಾಕ ಸಹಕರಿಸ್ತಿಲ್ಲ." ಯಾಕ ಬರ್ತಾರ್ರಿ? ಎರಡು ಎಮ್ಮಿ, ಒಂದು ಜೋಡಿ ಎತ್ತು, ನಾಕು ಆಡು, ಅವುಕ್ಕ ಕಾಳಜಿ ಕೇಂದ್ರ ಎಲ್ಲದ? ಒಂದು ಎತ್ತಿನ ಜೋಡಿ ಈಗ ಲಕ್ಷದ ಮ್ಯಾಲ ಅದ, ಕಣ್ಣಿ ಬಿಚ್ಚಿ ಬಿಟ್ಟು ಬಾ ಅಂದ್ರ ಯಾರ್ ಬರ್ತಾರ. ಕಣಿಕಿ ಬಣವಿ ತೊಯ್ದು ಹೋಯ್ತಂದ್ರ ಬ್ಯಾಸಗಿ ತನಕ ದನಕ್ಕ ಏನ್ ಹಾಕ್ಬೇಕು ಅಂತ ಕೇಳಿದ್ರ ಉತ್ತರ ಇಲ್ಲ. ಎತ್ತರದ ಜಾಗಾದಾಗ ತಗಡಿನ ಒಂದು ಶೆಡ್, ಒಂದಿಷ್ಟು ಮೇವು, ಇಷ್ಟಿದ್ರ ಅರ್ಧ ಊರು ಕರಿಯೋಕಿಂತ ಮೊದ್ಲೇ ಬರ್ತದ ನೋಡ್ರಿ.

ಪರಿಹಾರದ ಮಾತು ಉದ್ದ ಮಾಡಂಗಿಲ್ಲ. 2025ರಾಗ ಒಣ ಬೇಸಾಯಕ್ಕ ಹೆಕ್ಟೇರಿಗೆ 8,500 ಇತ್ತು, ಅದೂ ಎರಡು ಹೆಕ್ಟೇರ್ ಮಟ, ಅಂದ್ರ ಎಕರೆಕ್ಕ ಮೂರೂವರಿ ಸಾವಿರದೊಳಗ. ಆ ವರ್ಷ ಮುಖ್ಯಮಂತ್ರಿಗಳು ಆಕಾಶದಾಗಿಂದ ನೋಡ್ಕೊಂಡು ಬಂದು ಕಲಬುರಗ್ಯಾಗೇ ಕುಂತು ಇನ್ನೊಂದು 8,500 ಕೂಡ್ಸಿ ಕೊಡ್ತೀವಿ ಅಂದ್ರು, ಛಲೋನೇ ಆಯ್ತು. ಆದ್ರ ಬೀಜ, ಗೊಬ್ಬರ, ಎಣ್ಣಿ ಹೊಡಿಯೋದು, ಕಸಾ ತೆಗ್ಯೋ ಆಳಿನ ಪಗಾರ, ಲಾವಣಿ (ಮಂದಿ ಹೊಲ ಗುತ್ತಿಗಿ) ಹಾಕ್ಕೊಂಡವ ಇದ್ರ ಲಾವಣಿ ರೊಕ್ಕ, ಲೆಕ್ಕ ಹಾಕಿ ನೋಡ್ರಿ ಎಲ್ಲಿಗೆ ಬಂತು ಅಂತ. ಲಾವಣಿ ಹಾಕ್ಕೊಂಡವನಿಗಂತೂ ಒಂದು ಪೈ ಬರಂಗಿಲ್ಲ, ಪಹಣಿ ಯಾರ ಹೆಸರಿಗದ ಅವನ ಖಾತೆಕ್ಕ ಹೋಗ್ತದ, ಅವ ಕಲಬುರಗ್ಯಾಗೋ ಪುಣೆದಾಗೋ ಇರ್ತಾನ, ಬೆಳಿ ಹೋದದ್ದು ಅವನಿಗೆ ಮೊಬೈಲಿಗೆ ಮೆಸೇಜ್ ಬಂದಾಗ್ಲೇ ಗೊತ್ತಾಗೋದು.

ಇನ್ನ ಬ್ಯಾಸಗಿ. ಇದು ಕೇಳಿದ್ರ ಕರಾವಳಿಯವ್ರು ನಂಬಂಗಿಲ್ಲ. ಸೆಪ್ಟೆಂಬರ್‌ದಾಗ ಗುಡಿ ಮುಳುಗಿಸಿದ ಇದೇ ಹೊಳ್ಯಾಗ ಏಪ್ರಿಲ್‌ಕ್ಕ ಹುಡುಗ್ರು ಕ್ರಿಕೆಟ್ ಆಡ್ತಾರ. ಏಪ್ರಿಲ್ ಮೇ ಎರಡು ತಿಂಗಳು ನಮ್ಮ ಕಡಿ ಸರ್ಕಾರಿ ಆಫೀಸೇ ಮುಂಜಾನಿ 8ಕ್ಕ ತೆಗದು ಮಧ್ಯಾಹ್ನ ಒಂದೂವರಿಗೆ ಮುಚ್ತದ, ಅಂಥಾ ಬಿಸಿಲು. ಅವಾಗ ಉಜನಿಯಿಂದ ನೀರು ಬಿಡ್ರಿ ಅಂತ ನಾವು ಅಫಜಲಪುರದಾಗ ಧರಣಿ ಕೂಡಬೇಕು, ನಮ್ಮ ಮಂತ್ರಿಗಳು ಅವ್ರ ಮಂತ್ರಿಗಳಿಗೆ ಪತ್ರ ಬರೀಬೇಕು. ಬ್ಯಾಡ ಅಂದಾಗ ಕೇಳ್ದೇ ಬಿಡ್ತಾರ, ಬೇಕಂದಾಗ ಕೈ ಮುಗದ್ರೂ ಬಿಡಂಗಿಲ್ಲ. ಕಲಬುರಗಿ ಶಹರಕ್ಕ ಕುಡಿಯೋ ನೀರು ಹೋಗೋದೂ ಇದೇ ಭೀಮಾದಿಂದ, ಸರಡಗಿ ಬ್ಯಾರೇಜಿನಿಂದ, ಆಮ್ಯಾಲ ಬೆಣ್ಣೆತೊರಾ ಹೊಳಿಯಿಂದ. ಹೊಳ್ಯಾಗ ಉಳಿದ ಒಂದು ಗುಂಡಿ ನೀರು ಶಹರಕ್ಕ ಉಳಿಸಬೇಕಂತ ದಂಡಿಗಿನ ಪಂಪ್‌ಸೆಟ್ ಕರೆಂಟ್ ತೆಗಿತಾರ. ಕುಡಿಯೋ ನೀರು ಮೊದ್ಲು, ಅದಕ್ಕ ನನ್ನ ತಕರಾರಿಲ್ಲ, ನಾನೂ ಈಗ ಶಹರದಾಗೇ ಇರ್ತೀನಿ, ಅದೇ ನಳದ ನೀರು ಕುಡಿತೀನಿ. ಆದ್ರ ಆ ಪೈಪ್ ಹಾದು ಹೋಗೋ ಊರಾಗೇ ಹೆಣ್ಮಕ್ಕಳು ಟ್ಯಾಂಕರ್ ಮುಂದ ಕೊಡ ಹಿಡ್ಕೊಂಡು ಜಗಳಾ ಆಡೋದು ನೋಡಿದ್ರ ನಾಚಿಕಿ ಬರ್ತದ. ಇತ್ತ ಶಹರದಾಗ 24 ತಾಸು ನೀರು ಕೊಡ್ತೀವಿ ಅಂತ ರೋಡ್ ಅಗದು ಹೋದಾರ, ಧೂಳು ಮಾತ್ರ 24 ತಾಸು ಬರ್ಲಾಕತ್ತದ.

ನೀರಿಲ್ದಾಗ ಹೊಳ್ಯಾಗ ಏನಿರ್ತದ? ಉಸುಕು. ರಾತ್ರಿ ಟಿಪ್ಪರ್ ಸಪ್ಪಳ ಕೇಳಿ ಮಲಗಿದ ಮಂದಿ ನಾವು. ಯಾರ್ದು, ಎಲ್ಲಿಗೆ ಅಂತ ಕೇಳೋ ಧೈರ್ಯ ಯಾರಿಗೂ ಇಲ್ಲ, ಕೇಳಿದವನ ಮನಿಗೆ ಮರುದಿನ ಯಾರ್ಯಾರೋ ಬರ್ತಾರ. ಊರ ರೋಡ್ ಕಿತ್ತು ಹೋಯ್ತು, ಹೊಳ್ಯಾಗ ಆಳೆತ್ತರ ಗುಂಡಿ ಬಿದ್ವು, ನೀರು ಬಂದಾಗ ಆ ಗುಂಡಿ ಕಾಣಂಗಿಲ್ಲ, ದನಾ ತೊಳಿಲಾಕ ಇಳಿದ ಹುಡುಗ್ರು ಹೋಗ್ತಾರ. ಮಜಾ ಅಂದ್ರ ಅದೇ ಊರಾಗ ಒಬ್ಬ ಬಡವ ಸರ್ಕಾರಿ ಮನಿ ಮಂಜೂರಾಗಿ ಕಟ್ಟಸ್ತೀನಿ ಅಂದ್ರ ಎಂ-ಸ್ಯಾಂಡ್ ರೊಕ್ಕ ಕೊಟ್ಟು ತರಬೇಕು, ಹೊಳ್ಯಾಗಿಂದ ಒಂದು ಬುಟ್ಟಿ ತಂದ್ರ ಅದು ಅಕ್ರಮ.

ದತ್ತಾತ್ರೇಯನ ಕ್ಷೇತ್ರ ಗಾಣಗಾಪುರ ಸಂಗಮದ ಬಗ್ಗೆ ಬರದ್ರ ಭಕ್ತರು ಬೈತಾರ, ಆದ್ರೂ ಬರೀತೀನಿ. ಹುಣ್ಣಿಮಿಗೆ ಮಹಾರಾಷ್ಟ್ರದಿಂದ, ತೆಲಂಗಾಣದಿಂದ ಸಾವಿರಾರು ಮಂದಿ ಬರ್ತಾರ, ಭೀಮಾ ಅಮರ್ಜಾ ಕೂಡೋ ಜಾಗಾದಾಗ ಮುಣಗಿ ಹೊಳ್ಯಾಗ ಅರಬಿ ಬಿಟ್ಟು ಹೋಗ್ತಾರ. ಊರಾಗ ನೂರಾರು ಮನಿ ಒಲಿ ಉರಿಯೋದು ಅವ್ರಿಂದನೇ, ಅದನ್ನ ಮರೀಬಾರ್ದು. ಆದ್ರ ಆ ಒದ್ದಿ ಸೀರಿ, ಧೋತ್ರ ಕೆಳಗಿನ ಊರಿನ ಮೋಟಾರಿನ ಫುಟ್‌ವಾಲ್‌ಗೆ ಸುತ್ಕೋತಾವ, ಮೀನ ಹಿಡಿಯೋರ ಬಲಿಗೆ ಸಿಗ್ತಾವ. ಘತ್ತರಗಿ ಭಾಗ್ಯವಂತಿ ಗುಡಿ ಹತ್ರನೂ ಅಮಾಸಿಗೆ ಅದೇ ಕಥಿ. ದತ್ತಾತ್ರೇಯ ಯಾವತ್ತೂ ಅರಬಿ ಕೇಳಿಲ್ಲ, ಮಧುಕರಿ ಬೇಡಿದ್ದು ರೊಟ್ಟಿ.

ಈಗ ನಾ ಹೇಳೋದು ಸಣ್ಣ ಕೆಲಸ. ಡ್ಯಾಮ್ ಕಟ್ರಿ, ಟ್ರಿಬ್ಯೂನಲ್‌ಗೆ ಹೋಗ್ರಿ ಅಂತ ಹೇಳ್ಲಾಕ ದೊಡ್ಡವ್ರು ಇದ್ದಾರ. ದಂಡಿಗಿನ ಒಂದೊಂದು ಊರಾಗ ಗುಡಿ ಕಟ್ಟಿ ಮ್ಯಾಲ, ಸಾಲಿ ಗ್ವಾಡಿ ಮ್ಯಾಲ, ಕರೆಂಟ್ ಕಂಬದ ಮ್ಯಾಲ ಬಣ್ಣದಾಗ ಗೆರಿ ಹಾಕ್ರಿ. ಸೊನ್ನದಿಂದ ಎರಡು ಲಕ್ಷ ಬಿಟ್ರ ಇಲ್ಲಿ ತನಕ, ನಾಕು ಲಕ್ಷ ಬಿಟ್ರ ಇಲ್ಲಿ ತನಕ, ಇಷ್ಟು ತಾಸಿನ್ಯಾಗ. ಇದಕ್ಕ ಕೋಟಿ ರೊಕ್ಕ ಬೇಕಾಗಿಲ್ಲ, ಒಂದು ಡಬ್ಬಿ ಪೇಂಟ್, ಒಬ್ಬ ಸರ್ವೇದವ, ಊರಿನ ನಾಕು ಮಂದಿ ಹಿರೇರು ಸಾಕು. ಆಮ್ಯಾಲ ಆ ಆಟೋದ ಮೈಕಿನ್ಯಾಗ "ನಾಳಿ ಮುಂಜಾನಿ ಕೆಂಪು ಗೆರಿ ತನಕ ಬರ್ತದ" ಅಂತ ಒದರ್ರಿ, ನಮ್ಮ ಕಾಕಾ ಎತ್ತು ಬಿಚ್ಕೊಂಡು ತಾನೇ ಹೊಂಡ್ತಾನ.

ಗ್ರಾಮಸಭೆದಾಗ ಈ ಮಾತು ತೆಗದೆ. ಪಿಡಿಓ ಸಾಹೇಬ್ರು ನಕ್ಕು "ಇದಕ್ಕ ಹೆಡ್ ಆಫ್ ಅಕೌಂಟ್ ಇಲ್ರಿ" ಅಂದ್ರು, ಅಂದ್ರ ಖರ್ಚು ಹಾಕ್ಲಾಕ ಸರ್ಕಾರಿ ಲೆಕ್ಕದಾಗ ಬಾಬ್ತು ಇಲ್ಲ ಅಂತ. ಇರ್ಲಿ. ಪೇಂಟ್ ರೊಕ್ಕ ನಮ್ಮ ಹುಡುಗ್ರು ಪಟ್ಟಿ ಎತ್ತಿ ಕೂಡಸ್ತಾರ, ಆದ್ರ ಗೆರಿ ಎಲ್ಲಿ ಹಾಕ್ಬೇಕಂತ ಗೊತ್ತಾಗ್ಬೇಕಲ್ಲ. ಘತ್ತರಗಿ, ಫಿರೋಜಾಬಾದ್, ಕಟ್ಟಿಸಂಗಾವಿ, ಹೊನಗುಂಟಾ, ಸನ್ನತಿ, ಯಾದಗಿರಿ ಕಡಿಯವ್ರು ಯಾರರ ಇದನ್ನ ಓದ್ಲಾಕತ್ತಿದ್ರ 2020ರಾಗ ಮತ್ತ 2025ರಾಗ ನಿಮ್ಮ ಊರಾಗ ನೀರು ಎಲ್ಲಿ ತನಕ ಬಂದಿತ್ತು, ಯಾವ ಕಟ್ಟಿ, ಯಾವ ಪಾವಟಿಗಿ, ಯಾರ ಮನಿ ಹೊಸ್ತಿಲ, ಅಷ್ಟು ಬರೀರಿ. ತಾರೀಖ್ ಸಮೇತ ಫೋಟೋ ಇದ್ರ ಕಳಸ್ರಿ. ಕ್ಯೂಸೆಕ್ ಲೆಕ್ಕ ಪೇಪರಿನ್ಯಾಗ ಸಿಗ್ತದ, ಅದನ್ನ ನಾ ಹುಡುಕ್ತೀನಿ.